ಚರಗ ಮುಗಿಯುವ ತನಕ

ಹಸಿರು ಝಂಡಾ ಬೀಸಿ ಓಟ ಶುರು ಮಾಡುವ ದೊಡ್ಡ ಮನುಷ್ಯರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪೇಪರಿನಲ್ಲಿ ಅಂಥ ಫೋಟೊ ಬಂತೆಂದರೆ ಆ ಪುಟವನ್ನೇ ಮೊದಲು ಹರಿದು ರೊಟ್ಟಿ ಬುಟ್ಟಿಯ ತಳಕ್ಕೆ ಹಾಸುತ್ತೇನೆ. ಗಂಡ ನಗುತ್ತಾನೆ. ‘ಪಾಪ, ಅವರು ನಿನಗೇನು ಮಾಡ್ಯಾರ?’ ಅನ್ನುತ್ತಾನೆ. ಅವರು ಏನೂ ಮಾಡಿಲ್ಲ. ಅವರಂಥ ಒಬ್ಬರು ಮಾಡಿದ್ದಾರೆ, ಅದಕ್ಕೆ ಎಲ್ಲರೂ ನನ್ನ ರೊಟ್ಟಿಯ ಕೆಳಗೆ ಹೋಗುತ್ತಾರೆ.

ನಮ್ಮ ಹಳ್ಳಿ ಗಡಿಯಾಚೆ ಮಹಾರಾಷ್ಟ್ರದಲ್ಲಿ, ನಿಲಂಗಾದಿಂದ ಉದಗೀರಕ್ಕೆ ಹೋಗುವ ರಸ್ತೆಯಲ್ಲಿದೆ, ಉದಗೀರಕ್ಕೇ ಸಮೀಪ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಓಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ಹೊಲದಲ್ಲಿದ್ದ ಅಪ್ಪನಿಗೆ ಬುತ್ತಿ ಒಯ್ಯುವ ಕೆಲಸ ನನ್ನದಾಗಿತ್ತು. ತಡವಾದರೆ ಅಪ್ಪ ಬೈಯುತ್ತಿರಲಿಲ್ಲ, ಬದುವಿನ ಮೇಲೆ ದಾರಿ ನೋಡುತ್ತ ನಿಂತಿರುತ್ತಿದ್ದ. ಬೈದಿದ್ದರೆ ನಡೆದುಕೊಂಡು ಹೋಗಬಹುದಿತ್ತು. ಹಾಗೆ ನಿಂತವನನ್ನು ನೋಡಲಾರದೆ ಓಡಿದೆ. ಉದಗೀರದ ಕಾಲೇಜಿಗೆ ಬಂದ ಮೇಲೆ ನಮ್ಮ ಕ್ರೀಡಾ ಶಿಕ್ಷಕರು, ಭಾಲ್ಕಿ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವರು, ನಾನು ಮೈದಾನ ಸುತ್ತುವುದನ್ನು ನೋಡಿ ‘ಈಕಿಗಿ ದಮ್ಮು ಹತ್ತೂದೇ ಇಲ್ಲಲ್ಲಾ’ ಅಂದರು. ಅಂದಿನಿಂದ ನಾನು ಕ್ರಾಸ್ ಕಂಟ್ರಿ ಓಟಗಾರ್ತಿಯಾದೆ. ಮೈದಾನದ ಗೆರೆಗಳ ನಡುವೆ ಓಡುವುದಲ್ಲ ಅದು. ಹೊಲ, ಹಳ್ಳ, ದಿಬ್ಬ, ಬದು ದಾಟಿ ಓಡುವ ಓಟ. ಹುಟ್ಟಿದಾಗಿನಿಂದ ಮಾಡಿದ್ದಕ್ಕೆ ಹೀಗೊಂದು ಇಂಗ್ಲಿಷ್ ಹೆಸರಿದೆ ಎಂದು ತಿಳಿದು ನನಗೆ ನಗು ಬಂದಿತ್ತು.

ನಾನು ಕೊನೆಯ ವರ್ಷದಲ್ಲಿದ್ದಾಗ ಇಡೀ ದೇಶದ ಕಾಲೇಜುಗಳ ಕ್ರಾಸ್ ಕಂಟ್ರಿ ಪಂದ್ಯವನ್ನು ನಮ್ಮ ಕಡೆಗೆ ಕೊಟ್ಟರು. ನಿಲಂಗಾದಲ್ಲಿ ನಡೆದ ಆಯ್ಕೆಯ ಓಟದಲ್ಲಿ ಗೆದ್ದು ನಾನೂ ತಂಡದಲ್ಲಿದ್ದೆ. ಮೂರರೊಳಗೆ ಬಂದರೆ ಪದಕ. ಪದಕವಿದ್ದರೆ ನೌಕರಿಗೆ ಅನುಕೂಲ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ನೌಕರಿಗಿಂತ ಪದಕವೇ ಬೇಕಾಗಿತ್ತು. ದೇಶದ ಹುಡುಗಿಯರೆಲ್ಲ ನಮ್ಮ ಕರಿ ಮಣ್ಣಿಗೆ ಬಂದು ಓಡುವಾಗ ನಾನು ಹಿಂದೆ ಬಿದ್ದರೆ ಆ ಮಣ್ಣಿಗೆ ಯಾವ ಮುಖ ತೋರಿಸಲಿ? ಮುಂದಿನ ವರ್ಷ ಎಂಬುದು ನನಗಿರಲಿಲ್ಲ. ಕಾಲೇಜು ಮುಗಿದರೆ ಆ ಓಟವೂ ಮುಗಿಯಿತು.

ಪಂದ್ಯದ ದಿನ ನೋಡಿದರೆ ಎಳ್ಳ ಅಮಾವಾಸ್ಯೆ.

ಈ ಅಮಾವಾಸ್ಯೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಉದಗೀರದ ಧಾನ್ಯದ ಬಜಾರಿನಲ್ಲಿ ಮಾತನಾಡಿಸಲು ಒಂದು ನರಪಿಳ್ಳೆಯೂ ಸಿಗುವುದಿಲ್ಲ. ಜೋಳದ ದಂಟಿನಿಂದ ಖೋಪಿ, ಅಂದರೆ ಪುಟ್ಟ ಗುಡಿಸಲು, ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜೆ ಮಾಡುತ್ತಾರೆ. ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಎಳ್ಳ ಹೋಳಿಗೆ, ಗಡಿಗೆ ತುಂಬ ಹುಳಿ ಅಂಬಲಿ. ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಕೂಗಿ ಕರೆದು ಉಣ್ಣಿಸಬೇಕು. ಕರೆದವರಿಗೆ ಒಲ್ಲೆ ಅನ್ನಬಾರದು. ಇದೆಲ್ಲಕ್ಕಿಂತ ದೊಡ್ಡದು ಚರಗ. ಪೂಜೆಯಾದ ಮೇಲೆ, ಊಟಕ್ಕೆ ಮೊದಲು, ಮನೆಯ ಗಂಡಸು ತಲೆಯ ಮೇಲೆ ಕಂಬಳಿ ಹೊದ್ದು, ಮಾಡಿದ ಅಡುಗೆಯೆಲ್ಲ ಕಲಸಿದ ಪಾತ್ರೆ ಹಿಡಿದು, ‘ಹುಲಿಗ್ಯೋ’ ಎಂದು ಕೂಗುತ್ತ ಹೊಲದ ನಾಲ್ಕೂ ಅಂಚಿಗೆ ಎರಚಿಕೊಂಡು ಬರುತ್ತಾನೆ. ಹಿಂದೆ ಇನ್ನೊಬ್ಬ ತಂಬಿಗೆಯಿಂದ ನೀರಿನ ಗೆರೆ ಬಿಡುತ್ತ ಬರುತ್ತಾನೆ. ಸುತ್ತು ಕೂಡುವ ತನಕ ಆ ಗೆರೆ ಯಾರೂ ದಾಟಬಾರದು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ನಮ್ಮ ಮನೆಯಲ್ಲಿ ನಾಯಿಯನ್ನೂ ಕಟ್ಟಿ ಹಾಕುತ್ತಾರೆ.

ದೂರದಲ್ಲಿ ಕೂತು ದಿನ ಗೊತ್ತು ಮಾಡಿದವರಿಗೆ ಇದು ತಿಳಿಯದಿರುವುದು ಸಹಜ. ಇಲ್ಲಿಯವರಿಗೆ ಏನಾಗಿತ್ತು? ಒಬ್ಬರೂ ಬಾಯಿ ಬಿಡಲಿಲ್ಲ. ‘ಉಲ್ಟಾ ಚಲೋನೇ ಆತು, ಅವತ್ತು ರಸ್ತಾ ಎಲ್ಲಾ ಖಾಲಿ ಇರ್ತಾವ’ ಎಂದರು ನಮ್ಮ ಸರ್. ಬೆಳಿಗ್ಗೆ ಏಳಕ್ಕೆ ಓಟ ಶುರು, ಒಂಬತ್ತರೊಳಗೆ ಮುಗಿಯುತ್ತದೆ, ಆಮೇಲೆ ಜನ ಹೊಲಕ್ಕೆ ಬರುತ್ತಾರೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಓಟದ ದಾರಿ ನಮ್ಮ ಹೊಲದ ನಡುವಿನ ಪಟ್ಟಿಯ ಮೇಲೆ ಹಾಯುತ್ತಿತ್ತು. ಅದನ್ನು ಕೇಳಲು ಸರ್ ದೀಪಾವಳಿಗೂ ಮೊದಲೇ ಮನೆಗೆ ಬಂದಿದ್ದರು. ಸೋಯಾ ತೆಗೆದ ಮೇಲೆ ಆ ಪಟ್ಟಿಗೆ ಪ್ರತಿ ವರ್ಷ ಕಡಲೆ ಬಿತ್ತುತ್ತೇವೆ. ಅಪ್ಪ ‘ಆಯ್ತ್ರೀ, ಈ ವರ್ಷ ಬಿತ್ತಂಗಿಲ್ಲ. ಖರೆ ಚರಗದ ಹೊತ್ತಿಗಿ ನಿಮ್ಮ ಮಂದಿ ಹೊಲದಾಗ ಇರಬಾರ್ದು’ ಎಂದ. ಸರ್ ನಕ್ಕರು. ‘ಕಾಕಾ, ನಿಮ್ಮ ಪಾಂಡವರು ಖೋಪಿಗಿ ಬರೂದರೊಳಗ ನಾವು ಖಲಾಸ!’ ಆ ಮಾತಿನ ಮೇಲೆ ಅಪ್ಪ ಹೊಲ ಕೊಟ್ಟ. ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ನಾನು ಆ ಖಾಲಿ ಪಟ್ಟಿಯ ಮೇಲೆ ಓಡಿದೆ.

ಅವತ್ತು ಏಳಕ್ಕೆ ನಾವೆಲ್ಲ ಗೆರೆಯ ಮೇಲಿದ್ದೆವು. ಕೇರಳದವರು, ಪಂಜಾಬಿನವರು, ಮಣಿಪುರದವರು, ಎದೆಗೆ ನಂಬರು ಚುಚ್ಚಿಕೊಂಡು ಚಳಿಗೆ ಕೈ ಉಜ್ಜಿಕೊಳ್ಳುತ್ತ ನಿಂತಿದ್ದರು. ಮೈ ಬಿಸಿ ಮಾಡಿಕೊಂಡೆವು. ಝಂಡಾ ಬೀಸಬೇಕಾದ ಸಾಹೇಬರು ಬಂದಿರಲಿಲ್ಲ. ಸಾಹೇಬರು ಎಂದರೆ ನಮ್ಮ ಭಾಗದ ಪುಢಾರಿ. ಹೆಸರು ಬೇಡ, ಬರೆದು ನನ್ನ ಕಾಗದ ಯಾಕೆ ಹೊಲಸು ಮಾಡಿಕೊಳ್ಳಲಿ. ಧ್ವನಿವರ್ಧಕದಲ್ಲಿ ಒಬ್ಬಾತ ಮರಾಠಿಯಲ್ಲಿ ಕೂಗಿದ: ‘ಸಾಹೇಬ್ ಪಾಚ್ ಮಿನಟಾತ್ ಪೋಹೋಚ್ತಾಯೇತ್!’ ಐದು ನಿಮಿಷದಲ್ಲಿ ತಲುಪುತ್ತಾರಂತೆ. ನಾವು ಮತ್ತೆ ಕೈಕಾಲು ಕುಣಿಸಿದೆವು. ಎಂಟಾಯಿತು. ಸಾಹೇಬರು ಐದೇ ನಿಮಿಷದಲ್ಲಿ ಬರುವವರಿದ್ದರು. ಒಂಬತ್ತಾಯಿತು, ಆಗಲೂ ಐದೇ ನಿಮಿಷ. ಚಳಿ ಹೋಗಿ ಬಿಸಿಲು ಬಂತು. ಬೆಳಿಗ್ಗೆ ತಿಂದ ಬಾಳೆಹಣ್ಣು ಎಂದೋ ಕರಗಿತ್ತು. ಓಟಕ್ಕೆ ಮುಂಚೆ ಹೊಟ್ಟೆ ತುಂಬ ತಿನ್ನುವಂತಿಲ್ಲ, ತಿನ್ನದೆ ನಿಲ್ಲುವಂತಿಲ್ಲ. ಪಕ್ಕದಲ್ಲಿದ್ದ ಪಂಜಾಬಿನ ಹುಡುಗಿ ಬೂಟು ಬಿಚ್ಚಿ ನೆಲದ ಮೇಲೆ ಕೂತು, ಇವರು ಬರುತ್ತಾರೋ ಇಲ್ಲವೋ ಎಂದು ಹಿಂದಿಯಲ್ಲಿ ಕೇಳಿದಳು. ನಾನು ನಾಚಿಕೆಯಿಂದ ಸತ್ತೆ. ಮನೆಗೆ ಬಂದ ಬೀಗರನ್ನು ಅಂಗಳದಲ್ಲೇ ನಿಲ್ಲಿಸಿದಂತಾಗಿತ್ತು.

ಸಾಹೇಬರು ಎಲ್ಲಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೇಗ ಚರಗ ಮುಗಿಸಿದವರ ಹೊಲದಿಂದ ಹೊಲಕ್ಕೆ ಉಣ್ಣುತ್ತ ಬರುತ್ತಿದ್ದರು. ಅವತ್ತು ಕರೆದವರಿಗೆ ಒಲ್ಲೆ ಅನ್ನುವಂತಿಲ್ಲ ನೋಡಿ, ಪದ್ಧತಿ! ಮತ ಹಾಕುವವರ ಭಜ್ಜಿಗೆ ಒಲ್ಲೆ ಅನ್ನಲಾಗದ ಮನುಷ್ಯನಿಗೆ ದೇಶದ ಮೂಲೆ ಮೂಲೆಯಿಂದ ಬಂದ ಮಕ್ಕಳನ್ನು ಬಿಸಿಲಲ್ಲಿ ಒಣಗಿಸುವುದಕ್ಕೆ ಯಾವ ಪದ್ಧತಿಯೂ ಅಡ್ಡ ಬರಲಿಲ್ಲ. ‘ಸರ್, ಅವರನ್ನ ಬಿಟ್ಟು ಶುರು ಮಾಡ್ರಿ. ಅಪ್ಪನ ಚರಗದ ಹೊತ್ತಾಗ್ಲತ್ತದ’ ಎಂದೆ. ಸರ್ ಅತ್ತಿತ್ತ ನೋಡಿ ‘ಸುಮ್ಮನ್ ನಿಂದ್ರು. ಮಂಟಪ ಹಾಕಿಸಿದವರು ಅವರು’ ಎಂದರು. ಸಾಹೇಬರ ಗಾಡಿಗಳು ಬಂದಾಗ ಸೂರ್ಯ ನೆತ್ತಿಗೆ ಬಂದಿದ್ದ. ಇಳಿದವರೇ ಟವೆಲಿನಿಂದ ಮೀಸೆಯ ಮೇಲಿನ ಅಂಬಲಿ ಒರೆಸಿಕೊಂಡು, ಫೋಟೊದವನು ಸರಿಯಾಗಿ ನಿಲ್ಲುವ ತನಕ ಇನ್ನಷ್ಟು ಕಾಯಿಸಿ, ಝಂಡಾ ಬೀಸಿದರು.

ಎರಡು ದೊಡ್ಡ ಸುತ್ತು ಓಡಬೇಕಿತ್ತು. ಮೊದಲ ಸುತ್ತಿನಲ್ಲಿ, ದಾರಿ ತೋರಿಸಲು ನೆಟ್ಟ ಬಣ್ಣದ ಝಂಡಿಗಳ ಗುಂಟ, ನಮ್ಮ ಹೊಲದ ನಡುವಿನ ಪಟ್ಟಿ ಸರಾಗವಾಗಿ ದಾಟಿದೆ. ಖೋಪಿಯ ಮುಂದೆ ಉಮರ್ಗಾದಿಂದ ಬಂದ ನಮ್ಮ ಅತ್ತೆ, ಅಪ್ಪನ ಅಕ್ಕ, ನಿಂತು ನನ್ನನ್ನು ನೋಡಿ ಎರಡೂ ಕೈ ಮೇಲೆತ್ತಿದಳು. ಅಪ್ಪ ಬದುವಿನ ಮೇಲಿದ್ದ. ಬುತ್ತಿಯ ದಾರಿ ನೋಡುತ್ತಿದ್ದಂತೆಯೇ ನಿಂತಿದ್ದ. ಆಮೇಲೆ ಏನಾಯಿತೆಂಬುದನ್ನು ಅಣ್ಣ ನನಗೆ ನಂತರ ಹೇಳಿದ. ಓಟದವರೆಲ್ಲ ದಾಟಿದ ಮೇಲೆ ಅಪ್ಪ ಕಂಬಳಿ ಹೊದ್ದ. ಅಣ್ಣ ‘ಅಪ್ಪಾ, ಅವರು ಇನ್ನೊಮ್ಮಿ ಬರ್ತಾರ’ ಎಂದ. ಅಪ್ಪ ಸೂರ್ಯನನ್ನು ನೋಡಿ ‘ಹೊತ್ತು ಮೀರ್ಯಾದ. ಆ ಝಂಡಿ ಕಿತ್ತು ಹೊರಗಿನ ಬದುವಿಗಿ ಹಚ್ಚು. ಚರಗ ಆಗೂತನ ಸುತ್ತು ಹಾಕಿ ಹೋಗ್ಲಿ, ಓಡಾವ್ರಿಗಿ ಎಲ್ಲಿ ಓಡಿದರೇನು’ ಎಂದನಂತೆ.

ಅಪ್ಪನ ಮನಸ್ಸಿನಲ್ಲಿ ಅದು ತಪ್ಪೇ ಅಲ್ಲ. ನಮ್ಮ ಕಡೆ ಹೊಲದ ಕಾಲುದಾರಿ ಇರುವುದೇ ಹಾಗೆ. ಬಿತ್ತಿದಾಗ ಹೊಲದವನು ಒಂದು ಮುಳ್ಳಿನ ಟೊಂಗೆ ಅಡ್ಡ ಇಡುತ್ತಾನೆ, ಜನ ತಕರಾರಿಲ್ಲದೆ ಬದು ಹಿಡಿದು ಸುತ್ತಿ ಹೋಗುತ್ತಾರೆ. ಟೊಂಗೆ ತೆಗೆದರೆ ಮತ್ತೆ ನಡುವೆ ಹಾಯುತ್ತಾರೆ. ದಾರಿ ಸರಿಸಿದ್ದಕ್ಕೆ ಇಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟು ಬಂದದ್ದಿಲ್ಲ. ಬಣ್ಣದ ಝಂಡಿಗಳೂ ಅಪ್ಪನಿಗೆ ಮುಳ್ಳಿನ ಟೊಂಗೆಯ ಲೆಕ್ಕವೇ. ಹಾಗಲ್ಲ ಎಂದು ಹೇಳಲು ಅಲ್ಲಿ ಇಬ್ಬರು ಸ್ವಯಂಸೇವಕರನ್ನು ನಿಲ್ಲಿಸಿದ್ದರು. ಅವರು ಪಕ್ಕದ ಹೊಲದವರು ಕರೆದರೆಂದು ಉಣ್ಣಲು ಹೋಗಿದ್ದರು.

ಎರಡನೇ ಸುತ್ತಿನಲ್ಲಿ ನಾನು ಮೂರನೆಯವಳಾಗಿದ್ದೆ. ಮುಂದೆ ಇಬ್ಬರೇ, ಆ ಪಂಜಾಬಿನ ಹುಡುಗಿ ಮತ್ತು ಇನ್ನೊಬ್ಬಳು. ಹಳ್ಳ ದಾಟಿ ಮೇಲೆ ಬಂದಾಗ ಅವರು ಝಂಡಿ ನೋಡಿಕೊಂಡು ಹೊರಗಿನ ಬದುವಿನ ಕಡೆ ತಿರುಗುವುದು ಕಂಡಿತು. ಅಲ್ಲಿ ದಾರಿ ಇಲ್ಲ, ನನಗೆ ಗೊತ್ತು. ಆ ಬದುವಿಗೆ ಹೆಂಟೆ, ಜಾಲಿ ಮುಳ್ಳು, ಮೇಲಾಗಿ ಹೊಲದ ಮೂರು ಬದಿ ಸುತ್ತಬೇಕು. ನನ್ನ ಎದುರಿಗೆ ಸೀದಾ ನಮ್ಮ ಪಟ್ಟಿ ಬಿದ್ದುಕೊಂಡಿತ್ತು. ಅದೇ ಸರಿಯಾದ ದಾರಿ, ನಾನು ತಿಂಗಳುಗಟ್ಟಲೆ ತುಳಿದ ದಾರಿ. ನೇರ ಹೋದರೆ ಅವರಿಬ್ಬರಿಗಿಂತ ಎಷ್ಟೋ ಮುಂದೆ ಹೊರಬೀಳುತ್ತೇನೆ. ಯಾವ ನಿಯಮವೂ ನನ್ನನ್ನು ಹಿಡಿಯುವಂತಿಲ್ಲ. ಪದಕ ಅಲ್ಲ, ಮೊದಲ ಸ್ಥಾನವೇ ಆ ಪಟ್ಟಿಯ ಆ ಕಡೆ ಇತ್ತು.

ಆದರೆ ಅಂಚಿನಲ್ಲಿ ಕರಿ ಮಣ್ಣಿನ ಮೇಲೆ ನೀರಿನ ಗೆರೆ ಇನ್ನೂ ಹಸಿಯಾಗಿತ್ತು. ಆಚೆ ತುದಿಯಲ್ಲಿ ಕಂಬಳಿ ಹೊದ್ದ ಅಪ್ಪ, ಹಿಂದೆ ತಂಬಿಗೆ ಹಿಡಿದ ಅಣ್ಣ. ಅಪ್ಪನ ಕೂಗು ಗಾಳಿಯಲ್ಲಿ ಬಂತು: ‘ಹುಲಿಗ್ಯೋ!’ ಸುತ್ತು ಇನ್ನೂ ಕೂಡಿರಲಿಲ್ಲ.

ನಾನು ಸುತ್ತಿ ಹೋದೆ. ಯಾಕೆ ಎಂದು ಈಗ ಕೇಳಬೇಡಿ. ಆ ಗೆರೆ ದಾಟುವುದು ನನ್ನ ಕಾಲಿಗೆ ಗೊತ್ತಿರಲಿಲ್ಲ. ಹೆಂಟೆ ಎಡವಿ, ಜಾಲಿಗೆ ತೋಳು ಪರಚಿಸಿಕೊಂಡು ಎರಡನೇ ಮೂಲೆ ತಿರುಗುವಾಗ ಹಿಂದಿನಿಂದ ಸೀಟಿ ಕೇಳಿತು. ಝಂಡಿ ಜಾಗ ಬದಲಿಸಿದ್ದು ಕಂಡ ಓಟದ ಅಧಿಕಾರಿಯೊಬ್ಬ ಮೋಟಾರ್ ಸೈಕಲ್ ಬದುವಿಗೆ ಒರಗಿಸಿ, ಕೈ ಬೀಸುತ್ತ, ನನ್ನ ಹಿಂದಿದ್ದವರನ್ನೆಲ್ಲ ಹೊಲದ ನಡುವೆ ಸೀದಾ ಓಡಿಸುತ್ತಿದ್ದ. ಒಬ್ಬಳಾದ ಮೇಲೆ ಒಬ್ಬಳು, ಮೊಳೆ ಬೂಟಿನ ಹುಡುಗಿಯರು ಚರಗದ ಗೆರೆ ತುಳಿದುಕೊಂಡು ಹಾದರು. ಅಪ್ಪ ಪಾತ್ರೆ ಹಿಡಿದು ನಿಂತಲ್ಲೇ ನಿಂತಿದ್ದ. ನಾನು ಕಾಪಾಡಿದ ಗೆರೆ ಹೀಗೆ ನನ್ನ ಕಣ್ಣ ಮುಂದೆಯೇ ಕೆಸರಾಯಿತು. ಓಡುತ್ತಲೇ ಕಿರುಚಿದೆ. ಯಾವ ಭಾಷೆಯಲ್ಲಿ ಕಿರುಚಿದೆನೋ ನೆನಪಿಲ್ಲ, ಎರಡರಲ್ಲೂ ಇರಬೇಕು.

ಕೊನೆ ಮುಟ್ಟಿದಾಗ ನಾನು ಹನ್ನೊಂದನೆಯವಳು. ಮುಂದಿದ್ದ ಇಬ್ಬರ ಗತಿಯೂ ಅಷ್ಟೇ ಆಗಿತ್ತು. ಪಂಜಾಬಿನ ಹುಡುಗಿ ಬೂಟು ಎಸೆದು ಅತ್ತಳು. ಅವಳ ತಂಡದವರು ದೂರು ಕೊಟ್ಟರೆ, ಓಟದಲ್ಲಿ ಇಂಥದ್ದೆಲ್ಲ ಆಗುತ್ತದೆ ಎಂದು ಸಮಾಧಾನ ಹೇಳಿ ಚಹಾ ಕುಡಿಸಿ ಕಳಿಸಿದರು. ನಾನೂ ದೂರು ಕೊಡಲು ಹೋದೆ. ಸರ್ ನನ್ನನ್ನು ಮಂಟಪದ ಹಿಂದಕ್ಕೆ ಕರೆದೊಯ್ದರು. ‘ತಕರಾರ ಬ್ಯಾಡವ್ವಾ. ಝಂಡಿ ಕಿತ್ತಾವ ನಿಮ್ಮಪ್ಪ. ಮಗಳು ಗೆಲ್ಲಲಿ ಅಂತ ಕಿತ್ತಾನ ಅಂತಾರ ಮಂದಿ.’ ಮಗಳು ಗೆಲ್ಲಲಿ ಎಂದು! ಮಗಳನ್ನು ಉದ್ದದ ದಾರಿಗೆ ತಳ್ಳಿ ಗೆಲ್ಲಿಸುವ ಅಪ್ಪ ಯಾವ ಲೋಕದಲ್ಲಿದ್ದಾನೆ? ‘ತಡಾ ಮಾಡಿದವರು ಯಾರ್ರಿ ಸರ್? ಅದನ್ನ ಹೇಳ್ರಿ ಮೊದ್ಲ’ ಎಂದೆ. ಸರ್ ಹೇಳಲಿಲ್ಲ. ಒಳ್ಳೆಯವರೇ ಅವರು. ಒಳ್ಳೆಯವರೆಲ್ಲ ಸುಮ್ಮನಿದ್ದುದರಿಂದಲೇ ನಾವು ನಡು ಮಧ್ಯಾಹ್ನದ ತನಕ ನಿಂತದ್ದು.

ಪದಕ ಕೊಡುವಾಗ ಸಾಹೇಬರು ಭಾಷಣ ಮಾಡಿದರು. ‘ಆಪಲಾ ಶೇತಕರೀ ಭೋಳಾ ಆಹೇ’ ಎಂದರು, ನಮ್ಮ ರೈತ ಮುಗ್ಧ, ಅವನಿಗೆ ಆಟದ ಶಿಸ್ತು ಕಲಿಸಬೇಕು. ಜನ ಚಪ್ಪಾಳೆ ತಟ್ಟಿದರು. ಶಿಸ್ತಂತೆ! ಎದ್ದು ಹೋಗಿ ಆ ಧ್ವನಿವರ್ಧಕ ಕಸಿದುಕೊಳ್ಳಬೇಕೆನಿಸಿತು. ಮಾಡಲಿಲ್ಲ. ಹಲ್ಲು ಕಡಿದುಕೊಂಡು ಕೂತೆ. ಆ ಕಡಿತ ಇವತ್ತಿಗೂ ದವಡೆಯಲ್ಲಿದೆ.

ಸಂಜೆ ಹೊಲಕ್ಕೆ ಹೋದೆ. ಅಪ್ಪ ಕೆಟ್ಟ ಚರಗ ಬಿಟ್ಟು, ಹೊಸದಾಗಿ ಕಲಸಿಸಿಕೊಂಡು ಮೊದಲಿನಿಂದ ಸುತ್ತಿದ್ದ. ಅದು ಮುಗಿದ ಮೇಲೂ ನನಗಾಗಿ ಕಾಯುತ್ತ ಉಂಡಿರಲಿಲ್ಲ. ‘ನಂಬರ್ ಬಂತೇನವ್ವಾ?’ ಎಂದ. ಅಷ್ಟೇ ಸಾಕಾಗಿತ್ತು. ‘ಓಡಾವ್ರಿಗಿ ಎಲ್ಲಿ ಓಡಿದರೇನು ಅಂದೆಂತಲ್ಲಾ! ನನ್ನ ಪದಕ ನಿನ್ನ ಬದುವಿನಾಗ ಬಿದ್ದದ, ಹೋಗಿ ಹುಡುಕು!’ ಎಂದು ಅಪ್ಪನ ಮೇಲೆ ಕೂಗಾಡಿದೆ. ಅತ್ತೆ ‘ಅಪ್ಪಗ ಹಂಗ ಅಂತಾರೇನ?’ ಎಂದು ಬಾಯಿಗೆ ಸೆರಗು ಹಿಡಿದಳು. ಅಪ್ಪ ಖಾಲಿ ಪಟ್ಟಿಯ ಕಡೆ ನೋಡಿದ. ಸುತ್ತಲಿನ ಹೊಲಗಳಲ್ಲೆಲ್ಲ ಕಡಲೆ ಹಸಿರಾಗಿತ್ತು, ನಮ್ಮದೊಂದೇ ಬರೀ ಮಣ್ಣು. ‘ಒಂಬತ್ತಕ್ಕ ಮುಗಿತದ ಅಂದಿದ್ರವ್ವಾ’ ಎಂದ.

ಆ ಮಾತಿಗೆ ನನ್ನ ಸಿಟ್ಟು ಅಪ್ಪನನ್ನು ಬಿಟ್ಟು ಹೋಗಬೇಕಾದಲ್ಲಿಗೆ ಹೋಯಿತು. ಕೊಟ್ಟ ಮಾತಿನಂತೆ ನಡೆದವನು ಅಲ್ಲಿ ಇವನೊಬ್ಬನೇ. ಬಿತ್ತುವುದಿಲ್ಲ ಎಂದ, ಬಿತ್ತಲಿಲ್ಲ. ನಾನು ಅಪ್ಪನ ಪಕ್ಕ ಕೂತು ತಣ್ಣಗಾದ ಭಜ್ಜಿ ಉಂಡೆ.

ಮರು ವರ್ಷದ ಅಮಾವಾಸ್ಯೆಗೆ ಪಟ್ಟಿಯ ತುಂಬ ಕಡಲೆ ಇತ್ತು. ಪೂಜೆ ಮುಗಿದು ಅಣ್ಣ ಕಂಬಳಿ ಹೊದ್ದುಕೊಳ್ಳುತ್ತಿದ್ದಾಗ ರಸ್ತೆಯಲ್ಲಿ ಧೂಳೆದ್ದಿತು. ಚುನಾವಣೆ ಹತ್ತಿರ ಬಂದಿತ್ತು, ಸಾಹೇಬರು ಹೊಲದಿಂದ ಹೊಲಕ್ಕೆ ಬರುತ್ತಿದ್ದರು. ಇಂದು ಅವರಿಗೂ ಊಟ ಹಾಕಲೇಬೇಕು, ಹಾಕದೆ ಕಳಿಸುವ ಮನೆ ನಮ್ಮದಲ್ಲ. ಅಣ್ಣನ ಕೈಯಿಂದ ಚರಗದ ಪಾತ್ರೆ ಕಸಿದುಕೊಂಡೆ. ‘ಕೊಡು ಇಲ್ಲಿ. ಈ ವರ್ಷ ನಾ ಹೊಡಿತೀನಿ.’

‘ಹೆಣ್ಮಕ್ಕಳು ಚರಗ ಹೊಡಿತಾರೇನ ಎಲ್ಯಾರ?’ ಎಂದಳು ಅತ್ತೆ. ಅಪ್ಪ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ರಸ್ತೆಯ ಧೂಳು ನೋಡಿದ. ಅಣ್ಣನ ಹೆಗಲಿನಿಂದ ಕಂಬಳಿ ತೆಗೆದು ನನ್ನ ತಲೆಯ ಮೇಲೆ ಹಾಕಿ, ತಾನೇ ನೀರಿನ ಕೊಡ ಮತ್ತು ತಂಬಿಗೆ ಎತ್ತಿಕೊಂಡ.

ಮೊದಲ ಹಿಡಿ ಎರಚಿ ಕೂಗಿದ್ದೆ, ಅಪ್ಪ ಗೆರೆ ಶುರು ಮಾಡಿದ್ದ, ಅಷ್ಟರಲ್ಲಿ ಸಾಹೇಬರು ಬದುವಿನ ಮೇಲೆ ಕಾಲಿಟ್ಟರು. ‘ಸಾಹೇಬ್, ಥಾಂಬಾ! ಚರಗ ನಡದದ!’ ಎಂದು ಕೂಗಿದೆ. ಅವರೂ ಇದೇ ಮಣ್ಣಿನವರು, ದಾಟಬಾರದೆಂದು ಗೊತ್ತು. ಕಾಲು ಹಿಂದೆ ತೆಗೆದು ಅಲ್ಲಿಯೇ ನಿಂತರು. ಅಲ್ಲಿ ಒಂದು ಜಾಲಿ ಗಿಡದ ನೆರಳೂ ಇಲ್ಲ.

ಆ ಹೊಲವನ್ನು ನಾನು ಓಡಿ ಸುತ್ತಿದ್ದರೆ ಸಾಹೇಬರು ಬೆವರು ಒರೆಸಿಕೊಳ್ಳುವುದರೊಳಗೆ ಮುಗಿಯುತ್ತಿತ್ತು. ನಡೆದೆ. ತುಂಬಿದ ಬಸುರಿ ನಡೆಯುವಂತೆ ನಡೆದೆ. ಒಂದು ಹಿಡಿ ಎರಚುವುದು, ನಿಲ್ಲುವುದು, ಕೂಗುವುದು, ಮತ್ತೊಂದು ಹೆಜ್ಜೆ. ಎರಡನೇ ಮೂಲೆಗೆ ಬಂದಾಗ ಸಾಹೇಬರು ಟವೆಲನ್ನು ತಲೆಯ ಮೇಲೆ ಹಾಕಿಕೊಂಡಿದ್ದರು. ಅವರ ಜೊತೆಗಿದ್ದವನೊಬ್ಬ ‘ತಾಯಿ, ಜರಾ ಲವಕರ ಮಾಡ್ರಿ, ಸಾಹೇಬರಿಗಿ ಇನ್ನಾ ನಾಕ್ ಕಡಿ ಹೋಗೂದದ’ ಎಂದು ಅವಸರ ಮಾಡಿದ.

‘ಪಾಚ್ ಮಿನಿಟ್!’ ಎಂದೆ.

ಹಿಂದಿನಿಂದ ಅಪ್ಪನ ಉಸಿರು ಕೇಳಿಸಿತು. ಬೈಯುತ್ತಾನೆ, ಬಂದವರನ್ನು ಹೀಗೆ ನಿಲ್ಲಿಸಬಾರದು ಅನ್ನುತ್ತಾನೆ ಎಂದುಕೊಂಡೆ. ಅಪ್ಪ ನೀರಿನ ಧಾರೆಯನ್ನು ದಾರದಷ್ಟು ಸಣ್ಣಗೆ ಮಾಡಿ, ನನಗಷ್ಟೇ ಕೇಳುವ ಹಾಗೆ ಹೇಳಿದ: ‘ಇನ್ನಾ ಸಾವಕಾಶ ನಡಿಯವ್ವಾ. ಕೊಡದಾಗ ನೀರು ಭಾಳ ಅವ.’